ಪೆಟ್ಟಿಗೆ ನೋಡಿ ಕೊಂಡ ಲ್ಯಾಪ್‌ಟಾಪ್

ಅಂಗಡಿಯವನು ಮೂರನೆಯ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈಹಾಕಿದ್ದೇ ತಡ, ಕೊಳ್ಳಲು ಬಂದಿದ್ದ ಗಂಡ ಹೆಂಡಿರಲ್ಲಿ ಗಂಡ ಅಡ್ಡ ಬಂದ.

“ತೆಗೀಬೇಡಿ, ತೆಗೀಬೇಡಿ. ಸುಮ್ನೆ ತೆಗೆದು ಮುಚ್ಚಿ ಮಾಡಿದ್ರೆ ಕೀಲು ಸಡಿಲ ಆಗುತ್ತೆ.”

“ತೆಗೀದೆ ಹೇಗೆ ನೋಡ್ತೀರಾ ಸರ್?”

“ಅದು ಬಂದ ಪೆಟ್ಟಿಗೆ ತೋರಿಸಿ, ಸಾಕು.”

ಅಂಗಡಿಯವನು ಹೆಂಡತಿಯ ಮುಖ ನೋಡಿದ. ಅವಳು ಚಾವಣಿಯ ಫ್ಯಾನು ನೋಡಿದಳು. ಗಾಜಿನ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕನಾಗಿದ್ದ ಗಂಡ ಅಷ್ಟರಲ್ಲಾಗಲೇ ಖಾಲಿ ಪೆಟ್ಟಿಗೆಯ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ, ಒಳಗಿನ ಥರ್ಮಕೋಲನ್ನು ತಟ್ಟಿ, ತಲೆದೂಗುತ್ತಿದ್ದ.

“ಇದೇ ಇರ್ಲಿ. ಎಂಥಾ ಪ್ಯಾಕಿಂಗ್ ನೋಡೇ. ಮಹಡಿ ಮೇಲಿಂದ ಬಿದ್ರೂ ಒಳಗಡೆ ಕೂದಲು ಕೊಂಕಲ್ಲ.”

“ಮಹಡಿ ಮೇಲಿಂದ ಎಸೆಯೋಕೆ ತಗೊಳ್ತಿಲ್ಲ ಕಣ್ರೀ,” ಎಂದು ಅವಳು ಅಂಗಡಿಯವನತ್ತ ತಿರುಗಿದಳು. “ನೋಡಿ, ದುಬಾರಿದು ಬೇಡ. ಗೇಮು ಗೀಮು ಆಡೋರು ನಮ್ಮನೇಲಿ ಯಾರೂ ಇಲ್ಲ. ಕ್ಯಾಮೆರಾದಲ್ಲಿ ನನ್ನ ಬೆರಳು ಒಂದೊಂದೂ ಬೇರೆ ಬೇರೆ ಕಾಣ್ಬೇಕು. ಅಷ್ಟೇ.”

“ಬೆರಳಾ ಮೇಡಂ?”

“ಬೆರಳು.”

ಅವಳ ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಅಕ್ಕತಂಗಿಯರ ಮಾತೆಲ್ಲ ಕೈಸನ್ನೆಯಲ್ಲಿ. ಅಕ್ಕ ಕೆಲಸಕ್ಕೆಂದು ದೂರದ ಊರು ಸೇರಿದ ಮೇಲೆ ಆ ಮಾತು ಮೊಬೈಲಿಗೆ ಇಳಿದಿತ್ತು. ಹಿಡಿಯಲು ಒಂದು ಕೈ, ಆಡಲು ಒಂದು ಕೈ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟರೆ ಮೊಬೈಲು ಅರ್ಧ ಮಾತಿನಲ್ಲಿ ಜಾರಿ ಬೋರಲು ಬೀಳುತ್ತಿತ್ತು. ಎರಡು ಕೈಗಳಲ್ಲಿ ಆಡಬೇಕಾದದ್ದು ಒಂದರಲ್ಲಿ ಮೊಟಕಾಗಿ, ಒರಟಾಗಿ ಅಕ್ಕನನ್ನು ಮುಟ್ಟುತ್ತಿತ್ತು. ಕಳೆದ ವಾರ ಅಕ್ಕ ಹುಬ್ಬು ಗಂಟಿಕ್ಕಿ, ‘ನನ್ನ ಜೊತೆ ಮಾತು ಸಾಕಾಗಿದ್ದರೆ ಹೇಳಿಬಿಡು’ ಎಂದು ಸನ್ನೆ ಮಾಡಿ ಕರೆಯನ್ನು ಕತ್ತರಿಸಿದ್ದಳು. ಆಮೇಲೆ ಎತ್ತಿಯೇ ಇರಲಿಲ್ಲ.

“ಹಾಗಾದ್ರೆ ಸರ್ ಹಿಡ್ಕೊಂಡಿರೋ ಪೆಟ್ಟಿಗೇದೇ ಸರಿ ಮೇಡಂ,” ಎಂದ ಅಂಗಡಿಯವನು. “ಬೆಲೆ ಕಮ್ಮಿ, ಕ್ಯಾಮೆರಾ ಒಳ್ಳೇದು. ಮನೆ ಬಳಕೆಗೆ ಧಾರಾಳ.”

ಮದುವೆಯಾದ ಮೇಲೆ ಗಂಡ ಹೆಂಡಿರು ಒಂದೇ ವಸ್ತುವನ್ನು ಮೆಚ್ಚಿದ್ದು ಅದೇ ಮೊದಲಿರಬೇಕು. ಹಣ ಕೊಟ್ಟದ್ದಾಯಿತು, ರಸೀದಿ ಗಂಡನ ಜೇಬು ಸೇರಿತು. ಗಂಡಾಂತರ ಕಳೆಯಿತೆಂದು ಅವಳು ಉಸಿರು ಬಿಡುವಷ್ಟರಲ್ಲಿ ಅವನ ಕಣ್ಣು ಗೋಡೆಗೆ ನೇತುಹಾಕಿದ್ದ ಹೊದಿಕೆಗಳ ಮೇಲೆ ಬಿತ್ತು. ಪರದೆಗೊಂದು ಹಾಳೆ, ಕೀಲಿಮಣೆಗೊಂದು ರಬ್ಬರು, ಮೇಲೊಂದು ಗಟ್ಟಿ ಕವರು, ಆ ಕವರು ಸವೆಯದಂತೆ ಅದಕ್ಕೊಂದು ಮೆತ್ತನೆಯ ಕವರು.

“ಮನೆಗೆ ಹೋದ ಕೂಡ್ಲೆ ಪೆಟ್ಟಿಗೆ ಸಮೇತ ಬೀರು ಒಳಗೆ ಇಟ್ಬಿಡೋಣ. ಧೂಳಿನ ಕಾಟ ಇರಲ್ಲ.”

“ಅಕ್ಕನ ಜೊತೆ ಮಾತಾಡೋದು?”

“ಮೊಬೈಲ್ ಇದೆಯಲ್ಲೇ. ಏನಾದ್ರೂ ವಿಶೇಷ ಇದ್ದಾಗ ಇದನ್ನ ತೆಗೆದ್ರಾಯ್ತು.”

ಆ ವಿಶೇಷ ಯಾವತ್ತೂ ಬರುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮನೆಯ ಸೋಫಾ ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇದ್ದು, ಕೂತವರ ಕೆಳಗೆ ಚರಚರ ಎನ್ನುತ್ತಿತ್ತು. ಹೊಸ ಪಿಂಗಾಣಿ ತಟ್ಟೆಗಳು ಹೊರಗಿನ ಬೆಳಕು ಕಂಡಿರಲಿಲ್ಲ. ದಿನಬಳಕೆಗೆ ದಕ್ಕಿದ್ದು ಎರಡೇ: ತರುವ ದಾರಿಯಲ್ಲಿ ಬಿದ್ದು ನೆಗ್ಗಿದ ಕುಕ್ಕರು, ಹಿಡಿಕೆ ಸೀಳಿದ ಇಸ್ತ್ರಿಪೆಟ್ಟಿಗೆ. ಅವೆರಡನ್ನು ಮಾತ್ರ ಗಂಡ, ‘ಹೇಗೂ ಕೆಟ್ಟಿದೆ, ಬಳಸ್ಕೋ’ ಎಂದು ಉದಾರವಾಗಿ ಬಿಟ್ಟುಕೊಟ್ಟಿದ್ದ.

ಅವಳು ಕೈಚೀಲದೊಳಗೆ ತಡಕಾಡತೊಡಗಿದಳು. ಇನ್ನೇನು ಹುಡುಕುತ್ತಿದ್ದಾಳೆಂದು ಗಂಡನಿಗೂ ತಿಳಿಯಲಿಲ್ಲ, ಅಂಗಡಿಯವನಿಗೂ ತಿಳಿಯಲಿಲ್ಲ. ಹೊರಬಂದದ್ದು ಮನೆಯ ಬೀಗದ ಕೈ. ಅದರ ಹಲ್ಲನ್ನು ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನ ಫಳಫಳಿಸುವ ಮುಚ್ಚಳದ ಮೇಲೆ ಊರಿ, ಈ ಮೂಲೆಯಿಂದ ಆ ಮೂಲೆಗೆ, ಒಂದಿಷ್ಟೂ ಅವಸರವಿಲ್ಲದೆ, ನೇರವಾಗಿ ಒಂದು ಗೀರು ಎಳೆದಳು.

ಗಂಡನ ಬಾಯಿ ತೆರೆಯಿತು. ಗೋಡೆಯಿಂದ ತೆಗೆದ ಕವರುಗಳನ್ನು ಎದೆಗೆ ಅವುಚಿಕೊಂಡ.

“ಏನೇ ಮಾಡ್ದೆ ಇದು?”

“ಕೆಡಿಸ್ದೆ. ಇನ್ನು ಬಳಸ್ಬಹುದು.”

“ಇದನ್ನ ನಾವು ವಾಪಸ್ ತಗೊಳ್ಳಲ್ಲ ಮೇಡಂ,” ಎಂದ ಅಂಗಡಿಯವನು, ಒಂದು ಹೆಜ್ಜೆ ಹಿಂದಿಟ್ಟು.

“ನಾನು ಕೊಡೋದೂ ಇಲ್ಲ. ಸ್ವಲ್ಪ ನಿಮ್ಮ ಇಂಟರ್‌ನೆಟ್ ಹಾಕ್ಕೊಡಿ.”

ಅಂಗಡಿಯವನು ಲ್ಯಾಪ್‌ಟಾಪ್ ತೆರೆದು ಹಾಕಿಕೊಟ್ಟ. ಬೀಗದ ಕೈ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಅವಳು ಅಕ್ಕನಿಗೆ ಕರೆ ಮಾಡಿದಳು. ಕರೆ ಹೋಗಿ ಹೋಗಿ ನಿಂತಿತು. ಮತ್ತೆ ಮಾಡಿದಳು. ಪರದೆಯಲ್ಲಿ ಅವಳದೇ ಮುಖ, ಹಿಂದೆ ತೋಳತುಂಬ ಕವರು ಹಿಡಿದ ಗಂಡ. “ಎತ್ತಲ್ಲ ಬಿಡು, ಬ್ಯಾಟರಿ ದಂಡ,” ಎಂದ ಅವನು. ಅವಳು ತುಟಿ ಕಚ್ಚಿ ಮೂರನೆಯ ಸಲ ಒತ್ತಿದಳು.

ಈ ಬಾರಿ ಪರದೆ ಒಮ್ಮೆ ಕಪ್ಪಾಗಿ, ಅಕ್ಕ ಮೂಡಿದಳು. ಮುಖ ಬಿಗಿದಿತ್ತು, ಕೈಗಳನ್ನು ಎದೆಗೆ ಕಟ್ಟಿಕೊಂಡಿದ್ದಳು, ಬಾಯಿ ಮುಚ್ಚಿಕೊಂಡವರ ಹಾಗೆ. ತಂಗಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಮೇಲೆತ್ತಿದಳು. ಬೆರಳುಗಳು ಕೂಡಿದವು, ಬಿಡಿಸಿಕೊಂಡವು, ಹಣೆಯನ್ನು ಮುಟ್ಟಿದವು, ಎದೆಗಿಳಿದವು. ವಾರದ ಬಾಕಿಯೆಲ್ಲ ಒಟ್ಟಿಗೇ ನುಗ್ಗಿಬಂತು. ಅತ್ತ ಅಕ್ಕ ಕಟ್ಟಿದ್ದ ಕೈಗಳನ್ನು ಮೆಲ್ಲಗೆ ಬಿಚ್ಚಿದಳು. ನಡುವೆ ಬಾಯಿ ಹಾಕಿದಳು. ಬೈಯತೊಡಗಿದಳು.

ಗಂಡ ಮುಚ್ಚಳದ ಬೆನ್ನಿಗೆ ಬಗ್ಗಿ, ಎಂಜಲು ಹಚ್ಚಿದ ಹೆಬ್ಬೆರಳಿನಿಂದ ಗೀರನ್ನು ಉಜ್ಜುತ್ತಿದ್ದ. ಅವನ ಮೊಣಕೈ ಪದೇ ಪದೇ ಅವಳ ಬೆರಳಿಗೆ ಅಡ್ಡ ಬರುತ್ತಿತ್ತು.

“ರೀ, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ,” ಎಂದಳು ಅವಳು, ಕೈ ನಿಲ್ಲಿಸದೆ. “ಮಾತಾಡೋಕೆ ಜಾಗ ಸಾಲ್ತಿಲ್ಲ.”