ಗೋಡೆಯ ಮೇಲಿನ ತಾಯಿ

ನನ್ನ ನಾಟಕದಲ್ಲಿ ಪರದೆ ಎದ್ದಾಗಿನಿಂದ ಬೀಳುವವರೆಗೆ ತಾಯಿಯದೇ ಮಾತು. ಅದನ್ನು ಸಿನಿಮಾ ಮಾಡಲು ಹೊರಟು, ನಾನೇ ಚಿತ್ರಕಥೆ ಬರೆದು ನಾನೇ ನಿರ್ಮಾಪಕಿಯೂ ಆದೆ. ನಾಯಕನಟ ಒಂದೇ ಷರತ್ತು ಹಾಕಿದ.

"ಅಮ್ಮ ಮೊದಲನೇ ಸೀನಲ್ಲೇ ಸಾಯ್ಬೇಕು ಮೇಡಂ. ಅವರಿದ್ರೆ ನನ್ನನ್ಯಾರು ನೋಡ್ತಾರೆ?"

ನನ್ನೊಳಗಿನ ನಾಟಕ ಬರೆಯುವವಳು ಸಿಟ್ಟಾದಳು. ನಿರ್ಮಾಪಕಿ ಅವಳನ್ನು ಸುಮ್ಮನಿರಿಸಿ, ಅವನಿಗೆ ಇನ್ನೊಂದು ಲೋಟ ಚಹಾ ಕೊಟ್ಟಳು.

ವರ್ಷಗಟ್ಟಲೆ ರಂಗದ ಮೇಲೆ ಆ ತಾಯಿಯ ಪಾತ್ರ ಮಾಡಿದ್ದ, ಸಿನಿಮಾದಲ್ಲೂ ಮಾಡಬೇಕಿದ್ದ ನೀಲವ್ವನವರಿಗೆ ಸುದ್ದಿ ಹೇಳಲು ಧಾರವಾಡಕ್ಕೆ ಹೋದೆ. ಅವರು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಮುಖ ನೋಡುವ ಧೈರ್ಯವಿಲ್ಲದೆ ನಾನೂ ಒಂದು ಕಟ್ಟು ಎತ್ತಿಕೊಂಡು ಕೂತೆ.

"ಸತ್ತ ಮ್ಯಾಲ ನಂದೇನೂ ಇಲ್ಲೇನ್ರಿ ಅಕ್ಕಾರ?"

"ನಿಮ್ಮ ಫೋಟೋ ಇರ್ತೈತ್ರಿ. ಮಾಲಿ ಹಾಕಿ ನಡುಮನಿ ಗ್ವಾಡಿಗೆ ತೂಗ ಹಾಕ್ತೀವಿ."

"ಫೋಟೋಕ್ಕ ಹೆಂಗ ನೋಡ್ಲಿ?"

"ಹೆಂಗರ ನೋಡ್ರಿ. ಬರೇ ಫೋಟೋ ಅಲ್ಲೇನ್ರಿ?"

ಸಿನಿಮಾ ಮುಗಿದ ಮೇಲೆ ಊರಿನ ಟಾಕೀಸಿನಲ್ಲಿ ಬೇಕಾದವರನ್ನು ಕರೆದು ತೋರಿಸಿದೆವು. ನಾಯಕ ನಡುಮನೆಯಲ್ಲಿ ನಿಂತು ಹುಡುಗಿಗೆ ಆಣೆ ಮಾಡಿದ. ಅವನ ಬೆನ್ನ ಹಿಂದಿನ ಗೋಡೆಯಿಂದ ನೀಲವ್ವ ಒಂದು ಹುಬ್ಬು ಏರಿಸಿ, ಸುಳ್ಳು ಹೇಳುವ ಮಗನನ್ನು ನೋಡುವ ಹಾಗೆ ನೋಡುತ್ತಿದ್ದರು. ಜನ ನಕ್ಕರು. ಫೋಟೋದ ಮುಂದೆ ಅವನು ಅತ್ತಾಗ ಇನ್ನೂ ನಕ್ಕರು. ಅದೇ ಮನೆಯಲ್ಲಿ ಅವನು ರೌಡಿಗಳನ್ನು ಹೊಡೆಯುವಾಗಂತೂ ಎಲ್ಲರ ಕಣ್ಣೂ ಗೋಡೆಯ ಮೇಲೆಯೇ. ನಷ್ಟವಾಗುವುದು ನನಗೇ ಎಂದು ಗೊತ್ತಿದ್ದೂ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಇಂಟರ್‌ವಲ್‌ನಲ್ಲಿ ನಾಯಕನಟ ಬಂದು ನನ್ನ ಪಕ್ಕ ಕೂತ.

"ಮೇಡಂ, ಅಮ್ಮನ್ನ ಬದುಕಿಸಿಬಿಡಿ. ಎಷ್ಟು ಬೇಕಾದ್ರೂ ಮಾತಾಡ್ಲಿ."