ಗುಡ್ ಆಫ್ಟರ್‌ನೂನ್

ಸಾಂಬಾರಿನ ಸೌಟು ಎತ್ತುವಷ್ಟರಲ್ಲಿ ಉಚ್ಚಂಗಮ್ಮನ ಫೋನು ಬಡಿದುಕೊಂಡಿತು. ಚೀನಾದಿಂದ ಮಗಳು ಶಿವಲೀಲಾ. ಅವ್ವ ಅಡುಗೆ ಮಾಡುವ ರಾಯದುರ್ಗದ ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ಕೂರುವ ಹೊತ್ತಿಗೆ ಮಗಳು ಇಂಗ್ಲಿಷ್ ಹೇಳಿಕೊಡುವ ಅಲ್ಲಿನ ಶಿಶುವಿಹಾರದ ಮಕ್ಕಳು ನಿದ್ದೆ ಮುಗಿಸಿ ಏಳುತ್ತಿದ್ದರು. ಪಾಠ ಶುರುವಾಗುವ ಮುಂಚೆ ಶಿವಲೀಲಾ ದಿನವೂ ಒಮ್ಮೆ ಅವ್ವನಿಗೆ ಮುಖ ತೋರಿಸುತ್ತಿದ್ದಳು. ಇವತ್ತು ಮುಖವಿಲ್ಲ, ಬರೀ ಕತ್ತಲು.

"ಅವ್ವಾ, ಗಟ್ಟಿ ಮಾತಾಡಬ್ಯಾಡ. ಪೊಲೀಸ್ರು ಬಂದಾರ."

ಉಚ್ಚಂಗಮ್ಮ ಫೋನನ್ನು ಕಿವಿಗೊತ್ತಿಕೊಂಡಳು. ಒಮ್ಮೆ ಸಾಂಬಾರಿಗೆ ಬಿದ್ದು ಎದ್ದ ಮೇಲೆ ಆ ಫೋನಿಗೆ ಸ್ಪೀಕರ್ ಒಂದೇ ಗತಿ, ಗುಟ್ಟು ಅನ್ನುವುದೇ ಅದಕ್ಕೆ ಗೊತ್ತಿರಲಿಲ್ಲ. ಅನ್ನದ ಪಾತ್ರೆಯ ಪಕ್ಕ ನಿಂತಿದ್ದ ರಘುನಾಥ್ ಮೇಷ್ಟ್ರು ಥಟ್ಟನೆ ತಿರುಗಿ ನೋಡಿದರು.

"ಹುಡ್ರ ಹಾಸಿಗಿ ಇಡೋ ಕೋಣ್ಯಾಗ ಅಡಗೀನವ್ವ. ಓದಾಕ ಬಂದೋರು ಇಲ್ಲಿ ಕೆಲಸ ಮಾಡಂಗಿಲ್ಲ. ನಾನು ಪಾಠ ಹೇಳ್ತೀನಿ ಅಂತ ಗೊತ್ತಾದ್ರ ಊರಿಗೆ ಕಳಿಸಿಬಿಡ್ತಾರ. ಡಾಕ್ಟರ್ ಓದು ಅಲ್ಲಿಗೇ ಮುಗೀತು." ಶಿವಲೀಲಾ ಉಸಿರೆಳೆದುಕೊಂಡಳು. "ಸಿಕ್ಕಿಬಿದ್ರ, ಶಾಲಿ ಓನರಮ್ಮನ ಪರಿಚಯದಾಕಿ, ಸುಮ್ನ ನೋಡಾಕ ಬಂದೀನಿ ಅನ್ನಬೇಕಂತ. ಫೋನ್ ಇಡಬ್ಯಾಡ. ನಂಗ ಅಂಜಿಕಿ ಆಗ್ತೈತಿ."

ಇಡುವುದು ಹೇಗೆ? ಇಡದಿದ್ದರೂ ಆಪತ್ತೇ. ಇಲ್ಲಿನ ತಟ್ಟೆಗಳ ಸದ್ದು, ಮೊಟ್ಟೆಗಾಗಿ ನಡೆಯುವ ಜಗಳ, ಎಲ್ಲವೂ ಆ ಕೋಣೆಗೆ ಹೋಗಿ ಬೀಳುತ್ತದೆ. ಉಚ್ಚಂಗಮ್ಮ ಮೇಷ್ಟ್ರಿಗೆ ಕೈಮುಗಿದಳು. "ಸರ, ಹುಡ್ರ ಬಾಯಿ ಮುಚ್ಚಸ್ರಿ." ಮೇಷ್ಟ್ರು ಬೆರಳು ತುಟಿಗಿಟ್ಟು, ಕಣ್ಣರಳಿಸಿ ವರಾಂಡದ ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು. ಬಾಯಿಗಿಟ್ಟ ತುತ್ತು ಬಾಯಲ್ಲೇ, ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಆ ಶಾಲೆ ಬಿಸಿಯೂಟದ ಹೊತ್ತಿನಲ್ಲಿ ಅಷ್ಟು ಗಪ್‌ಚುಪ್ ಆದದ್ದು ಅದೇ ಮೊದಲು.

ಫೋನಿನಿಂದ ಈಗ ಕೇಳುತ್ತಿದ್ದದ್ದು ಬಾಗಿಲಾಚೆಯ ಮಕ್ಕಳ ಗಲಗಲ. ಕುತ್ತಿಗೆಗೆ ಬಿಸಿನೀರಿನ ಬಾಟಲಿ ನೇತುಹಾಕಿಕೊಂಡು ಓಡಾಡುವ ಪುಟಾಣಿಗಳು ಅವು. ಆ್ಯಪಲ್, ಕೆವಿನ್ ಎಂದು ಇಂಗ್ಲಿಷ್ ಹೆಸರಿಟ್ಟವಳು ಶಿವಲೀಲಾಳೇ. ಮೊದಮೊದಲು ಟೀಚರ್ ಒಳಗೆ ಬಂದರೆ ಕೂತಲ್ಲಿಂದಲೇ ಕೈಬೀಸಿ 'ಹಲೋ' ಅನ್ನುತ್ತಿದ್ದರು. ಅದನ್ನು ಫೋನಿನಲ್ಲಿ ನೋಡಿ ಉಚ್ಚಂಗಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. "ಟೀಚರ್ ಬಂದ್ರ ಎದ್ದು ನಿಲ್ಲದ ಹುಡ್ರಿಗೆ ಎಂಥಾ ಪಾಠ ಹೇಳ್ತೀಯವ್ವ? ನಮ್ಮ ಶಾಲಿ ಹಂಗ ಕಲಿಸು" ಎಂದು ದಿನಾ ಪ್ರಾಣ ತಿಂದಿದ್ದಳು. ಮಗಳು ಕಲಿಸಿಯೂಬಿಟ್ಟಳು. ಟೀಚರ್ ಕಂಡೊಡನೆ ಏಳಬೇಕು, ಒಂದೇ ರಾಗದಲ್ಲಿ ನಮಸ್ಕಾರ ಹೇಳಬೇಕು, 'ಸಿಟ್ ಡೌನ್' ಅನ್ನುವ ತನಕ ಕೂರುವ ಹಾಗಿಲ್ಲ.

ಬಾಗಿಲು ಕಿರ್ರೆಂದಿತು. ಶಿವಲೀಲಾ ಫೋನನ್ನು ಜೇಬಿಗೆ ಹಾಕಿಕೊಂಡಳೇನೋ, ಪರದೆಯ ಮೇಲೆ ಕತ್ತಲು ಹಾಗೇ ಇತ್ತು. ಗಂಡಸೊಬ್ಬನ ದಪ್ಪ ದನಿ ಏನೋ ಕೇಳಿತು. ಓನರಮ್ಮನಿರಬೇಕು, ಹೆಂಗಸೊಬ್ಬಳು ಗಡಿಬಿಡಿಯಲ್ಲಿ ಉತ್ತರಿಸಿದಳು. ಆಮೇಲೆ ಶಿವಲೀಲಾಳ ದನಿ. ಚೀನೀ ಭಾಷೆಯ ಒಂದಕ್ಷರ ತಿಳಿಯದಿದ್ದರೂ ಮಗಳ ದನಿ ನಡುಗುತ್ತಿಲ್ಲ ಎಂಬುದು ಉಚ್ಚಂಗಮ್ಮನಿಗೆ ತಿಳಿಯಿತು. ನೇಮಕಲ್ಲು ಆಂಜನೇಯನಿಗೆ ಮನಸ್ಸಿನಲ್ಲೇ ಹರಕೆ ಹೊತ್ತಳು. ಶಿವಲೀಲಾ ಸಣ್ಣಗೆ ನಕ್ಕಳು. ಆ ಗಂಡಸೂ ನಕ್ಕ.

"ಬಿಟ್ರು ಅನಸ್ತೈತ್ರಿ ಸರ," ಎಂದಳು ಉಚ್ಚಂಗಮ್ಮ ಪಿಸುದನಿಯಲ್ಲಿ.

"ತಡೀರಿ," ಎಂದರು ಮೇಷ್ಟ್ರು.

ಹೆಜ್ಜೆ ಸದ್ದು. ಅವಳನ್ನು ಕೋಣೆಯಿಂದ ಹೊರಗೆ ಕರೆದರೇನೋ, ಮಕ್ಕಳ ಗಲಗಲ ಹತ್ತಿರವಾಯಿತು. ಮರುಕ್ಷಣವೇ ಅದು ನಿಂತುಹೋಯಿತು. ಪುಟ್ಟ ಕುರ್ಚಿಗಳು ಹಿಂದೆ ಸರಿದ ಸದ್ದು. ಎಲ್ಲ ಕಂಠಗಳೂ ಒಟ್ಟಿಗೆ ಎದ್ದವು.

"ಗು...ಡ್ ಆಫ್ಟರ್‌ನೂ...ನ್ ಟೀ...ಚರ್..."

ಅದೇ ರಾಗ. ರಾಯದುರ್ಗದ ರಾಗ. ಕಲಿಸು ಕಲಿಸು ಎಂದು ಹಟ ಹಿಡಿದವಳು ತಾನೇ, ಈಗ ಮಗಳ ಕೊರಳಿಗೆ ಉರುಳು ಹಾಕಿದವಳೂ ತಾನೇ.

ಅಷ್ಟರಲ್ಲಿ ವರಾಂಡದಲ್ಲಿ ಸರಬರ ಸದ್ದಾಯಿತು. ಆ ರಾಗ ಕಿವಿಗೆ ಬಿದ್ದದ್ದೇ ತಡ, ಊಟಕ್ಕೆ ಕೂತಿದ್ದ ಮಕ್ಕಳೆಲ್ಲ ತಟ್ಟೆ ಹಿಡಿದುಕೊಂಡೇ ಎದ್ದು ನಿಂತಿದ್ದರು. ಯಾರೂ ಹೇಳಿರಲಿಲ್ಲ. ಕೂರಿ ಎನ್ನಲು ಹೋದ ಮೇಷ್ಟ್ರು, ಫೋನಿನ ನೆನಪಾಗಿ ಬಾಯಿ ಮುಚ್ಚಿಕೊಂಡರು.

ಫೋನಿನಲ್ಲಿ ಶಿವಲೀಲಾಳ ಉತ್ತರವಿಲ್ಲ. ಆ ಗಂಡಸು ಮತ್ತೇನೋ ಕೇಳಿದ. ಅವನ ದನಿಯಲ್ಲಿ ಈಗ ನಗುವಿರಲಿಲ್ಲ. ಟೀಚರಿಗೆ ಕೇಳಿಸಲಿಲ್ಲವೆಂದುಕೊಂಡು ಮಕ್ಕಳು ಇನ್ನೂ ಗಟ್ಟಿಯಾಗಿ ಹೇಳಿದರು.

"ಸುಮ್ನಿರವ್ವ," ಎಂದು ಉಚ್ಚಂಗಮ್ಮ ತುಟಿಯಲ್ಲೇ ಬೇಡಿಕೊಂಡಳು. "ನನ್ನವ್ವ, ಬಾಯಿ ಬಿಡಬ್ಯಾಡ."

ಇನ್ನೊಮ್ಮೆ ಶುರುವಾದ ರಾಗ ನಡುವೆಯೇ ತುಂಡಾಯಿತು. ಯಾವುದೋ ಒಂದು ಮಗು, ತನ್ನಿಂದಲೇ ಏನೋ ತಪ್ಪಾಯಿತೆಂದು ಬಿಕ್ಕತೊಡಗಿತು. ಅದರ ಬೆನ್ನಿಗೇ ಇನ್ನೊಂದು.

"ಸಿಟ್ ಡೌನ್, ಚಿಲ್ಡ್ರನ್," ಎಂದಳು ಶಿವಲೀಲಾ. "ಸಿಟ್ ಡೌನ್."

ಅಲ್ಲಿ ಪುಟ್ಟ ಕುರ್ಚಿಗಳು ಸದ್ದು ಮಾಡಿದವು. ಇಲ್ಲಿ ವರಾಂಡದ ಮಕ್ಕಳೂ ಸಾಲಾಗಿ ಕೂತು ತಟ್ಟೆಗೆ ಕೈಹಾಕಿದರು. ಸೌಟು ಹಿಡಿದ ಉಚ್ಚಂಗಮ್ಮ ಒಬ್ಬಳೇ ನಿಂತಿದ್ದಳು.