ಗೋಡೆಯ ಮೇಲಿನ ಜಿಗಿತ

ಲಿಯೋಟಿಸ್ ಪರ್ವಿಸ್ ಹಾರಿ ಗಾಳಿಯಲ್ಲಿದ್ದಷ್ಟು ಹೊತ್ತಿನಲ್ಲಿ ಟೆಲ್ಫರ್ ಊರಿನ ಪಾದ್ರಿ ಒಂದು ಮದುವೆ ಮಾಡಿಸಿ, ಆ ದಂಪತಿಯ ಚೊಚ್ಚಲ ಕೂಸಿಗೆ ಹೆಸರನ್ನೂ ಇಟ್ಟು ಬಂದರು. ಆಗಲೂ ಇವನ ಕಾಲು ಮರಳು ಮುಟ್ಟಿರಲಿಲ್ಲ.

ಇದು ಕೋಚ್ ಹೊಸಿಯಾ ಅವರ ಮಾತು. ಇಪ್ಪತ್ತೆಂಟು ವರ್ಷದಿಂದ ಚರ್ಚಿನ ಮೆಟ್ಟಿಲ ಮೇಲೆ, ಕ್ಷೌರದಂಗಡಿಯಲ್ಲಿ, ಸತ್ತವರ ಮನೆಯ ಊಟದಲ್ಲೂ ಇದನ್ನೇ ಹೇಳುತ್ತ ಬಂದಿದ್ದರು. ಹೇಳಿದಷ್ಟು ಸಲವೂ ಲಿಯೋಟಿಸ್ ಇನ್ನಷ್ಟು ಮೇಲಕ್ಕೇರುತ್ತಿದ್ದ. ಒಮ್ಮೆಯಂತೂ ರಣಹದ್ದೊಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತ್ತು. ಎಷ್ಟು ದೂರ ಹಾರಿದ ಎಂದು ಯಾರಾದರೂ ಕೇಳಿದರೆ ಮಾತ್ರ ಹೊಸಿಯಾ, "ಗೋಡೆ ನೋಡ್ಕೋ ಹೋಗು" ಎಂದುಬಿಡುತ್ತಿದ್ದರು. ಶಾಲೆಯ ಜಿಮ್ಮಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ಉದ್ದಜಿಗಿತ, ಪರ್ವಿಸ್, ಇಪ್ಪತ್ತಾರು ಅಡಿ ಒಂದು ಇಂಚು.

ಅದೇ ಹೊಸಿಯಾ ಈಗ ಶಾಲೆಯ ಕ್ರೀಡಾಕೂಟದಲ್ಲಿ, ಜಿಗಿತದ ಮರಳಿನಲ್ಲಿ ಮೊಳಕಾಲೂರಿ ಕೂತಿದ್ದರು. ಬೇಲಿಗೆ ಒರಗಿ ನಿಂತಿದ್ದ ಲಿಯೋಟಿಸನ ಕಣ್ಣು ಅವರ ಎಡಗೈ ಮೇಲಿತ್ತು. ಮುಷ್ಟಿ ಬಿಗಿಯಾಗಿತ್ತು. ಅಳತೆ ಟೇಪಿನ ತುದಿ ಆ ಮುಷ್ಟಿಯೊಳಗೆ.

ಹಾರಿದವನು ಅವರ ಮೊಮ್ಮಗ ಕೆಂಡ್ರೆಲ್. ಕೊನೆಯ ಅವಕಾಶ. ಬೆಳಗಿನಿಂದ ಶಾಲೆಯ ಹೊಸ ಟೇಪಿನಲ್ಲೇ ಎಲ್ಲರ ಜಿಗಿತವನ್ನೂ ಅಳೆದಿದ್ದರು. ಕೆಂಡ್ರೆಲ್ ಮರಳಿಗೆ ಬಿದ್ದದ್ದೇ ತಡ, ಮುದುಕರು ಚರ್ಮದ ಡಬ್ಬಿಯಿಂದ ತಮ್ಮ ಹಳೆಯ ಉಕ್ಕಿನ ಟೇಪು ಎಳೆದಿದ್ದರು.

"ಗೋಡೆ ಮೇಲಿರೋದನ್ನ ಇದ್ರಲ್ಲೇ ಅಳೆದದ್ದು. ಇದನ್ನೂ ಇದ್ರಲ್ಲೇ ಅಳೀಬೇಕು" ಎಂದಿದ್ದರು. ಎಪ್ಪತ್ತಾರರ ಹಿರಿಯರ ಹಟ. ಯಾರೂ ಬೇಡವೆನ್ನಲಿಲ್ಲ.

ಟೇಪಿನ ಇನ್ನೊಂದು ತುದಿಯಲ್ಲಿ, ಹಾರುವ ಹಲಗೆಯ ಬಳಿ ಬಗ್ಗಿದ ಹೊಸ ಕೋಚ್ ರೆನಿಟಾ ಓದಿದಳು. "ಇಪ್ಪತ್ತಾರು ಅಡಿ... ಎರಡು ಇಂಚು."

ಜನ ಎದ್ದ ಸದ್ದಿಗೆ ಪಕ್ಕದ ಜಿಲ್ಲೆಯ ಹಸುಗಳು ಹಾಲು ಸುರಿಸಿದ್ದರೂ ಆಶ್ಚರ್ಯವಿಲ್ಲ.

"ಹೋಯ್ತಲ್ಲೋ ನಿನ್ನ ಗೋಡೆ" ಎಂದ ಲಿಯೋಟಿಸನ ಪಕ್ಕ ನಿಂತಿದ್ದ ಗೆಳೆಯ ಡ್ಯೂಯಿ, ಬೇಯಿಸಿದ ಕಡಲೆಕಾಯಿ ಸುಲಿಯುತ್ತ. "ಇನ್ನು ನೀನು ಬರೀ ಬಸ್ ಡ್ರೈವರ್ರು."

ಡ್ಯೂಯಿ ತಮಾಷೆಗೆ ಅಂದದ್ದು. ಲಿಯೋಟಿಸನಿಗೆ ಅದು ತಮಾಷೆಯಾಗಿರಲಿಲ್ಲ. ಆ ಗೋಡೆ ಬಿಟ್ಟರೆ ಅವನಿಗೆ ಇನ್ನೇನೂ ಇರಲಿಲ್ಲ. ಆ ಜಿಗಿತ ನೋಡಿಯೇ ಕಾಲೇಜಿನವರು ಕರೆದುಕೊಂಡು ಹೋಗಿದ್ದು. ಅಲ್ಲಿ ಮೊದಲ ವರ್ಷ ಇಪ್ಪತ್ತೈದು ಅಡಿ ನಾಲ್ಕು ಇಂಚು. "ಸ್ಕೂಲ್ ಹುಡುಗನಾಗಿ ಮಾಡಿದ್ದನ್ನ ಈಗ ಯಾಕಪ್ಪಾ ಆಗ್ತಿಲ್ಲ?" ಎಂದರು ಅಲ್ಲಿನ ಕೋಚ್. ಮೂರನೆಯ ವರ್ಷ ಇಪ್ಪತ್ತೈದು ಎಂಟು. ಬೆಳಿಗ್ಗೆ ಬೆಟ್ಟ ಹತ್ತಿ ಓಡಿದ, ಸೊಂಟಕ್ಕೆ ಲಾರಿಯ ಟೈರು ಕಟ್ಟಿಕೊಂಡು ಓಡಿದ, ಮದುವೆಯಾಗಬೇಕಿದ್ದ ಹುಡುಗಿಗೆ ಇನ್ನೊಂದು ವರ್ಷ ಕಾಯಿ ಎಂದ. ಅವಳು ಕಾಯಲಿಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಒಲಿಂಪಿಕ್ ಆಯ್ಕೆ ಕೂಟದಲ್ಲಿ ಇಪ್ಪತ್ತೈದು ಹನ್ನೊಂದು. ಪತ್ರಿಕೆಯವನೊಬ್ಬ 'ಒಂದು ದಿನದ ಹುಲಿ' ಎಂದು ಬರೆದ. ಹದಿನೆಂಟರ ತನ್ನನ್ನು ಇಪ್ಪತ್ತನಾಲ್ಕರ ತಾನೇ ದಾಟಲಾರೆ ಎಂದರೆ ಮುಂದೇನು? ಮೊಳೆ ಬೂಟುಗಳನ್ನು ಅಲ್ಲೇ ಕಸದ ಡಬ್ಬಿಗೆ ಹಾಕಿ ಊರಿಗೆ ಮರಳಿದ್ದ.

ಆದರೆ ಮರಳಿನ ಗುರುತು ಓದಲು ಅವನಿಗೆ ಟೇಪು ಬೇಕಿರಲಿಲ್ಲ. ಕೆಂಡ್ರೆಲ್ ಬಿದ್ದ ಜಾಗ ಇಪ್ಪತ್ತಾರಲ್ಲ. ಬೇಲಿ ಹಾರಿ ಒಳಗೆ ಬಂದ.

"ಇನ್ನೊಂದ್ಸಲ ಅಳೀರಿ. ಶಾಲೆಯ ಟೇಪಲ್ಲಿ."

"ಬಿಡಿ ಲಿಯೋಟಿಸ್. ನಿಮಗೆ ಹಾರೋದು ಕಲಿಸಿದವರು ಅವರು" ಎಂದಳು ರೆನಿಟಾ.

"ಗೊತ್ತು. ಮೊಮ್ಮಗನಿಗೆ ಬೇರೇನೋ ಕಲಿಸ್ತಿದ್ದಾರೆ."

ಹೊಸಿಯಾ ಮರಳು ಸರಿಮಾಡಲು ಕುಂಟೆಗೆ ಕೈ ಚಾಚಿದರು. ಲಿಯೋಟಿಸ್ ಅದರ ಮೇಲೆ ಕಾಲಿಟ್ಟ.

ಹೊಸ ಟೇಪು ಬಂತು. ರೆನಿಟಾ ಎರಡು ಸಲ ಅಳೆದಳು. ಧ್ವನಿ ತಗ್ಗಿಸಿ ಹೇಳಿದಳು: "ಇಪ್ಪತ್ತೈದು ಎರಡು."

ಕೆಂಡ್ರೆಲ್ ತೊಡೆಯ ಮರಳನ್ನೂ ಒರೆಸಿಕೊಳ್ಳದೆ ಅಜ್ಜನನ್ನೇ ನೋಡುತ್ತ ನಿಂತ. ಲಿಯೋಟಿಸ್ ಬಗ್ಗಿ ಮುದುಕರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಟೇಪಿನ ಮೊದಲ ಅಡಿಯೇ ಇರಲಿಲ್ಲ. ಒಂದು ಎಂಬ ಅಂಕಿಯಿಂದಲೇ ಶುರು. ಮುರಿದ ಅಂಚು ತುಕ್ಕು ತಿಂದು ಮೊಂಡಾಗಿತ್ತು.

"ಒಂದು ಅಡಿ ದಾನ" ಎಂದ ಲಿಯೋಟಿಸ್. "ಕೇಳಿದ್ರೆ ನಾನೇ ಗೋಡೆ ಅಳಿಸ್ತಿದ್ದೆನಲ್ಲ ಕೋಚ್. ಕದಿಯೋದು ಯಾಕೆ ಬೇಕಿತ್ತು?"

ಪಾದ್ರಿಯನ್ನೂ ಹದ್ದನ್ನೂ ಕುಣಿಸಿದ ಮುದುಕರು ಆ ತುಕ್ಕಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಇದು ಇವತ್ತು ಮುರಿದದ್ದಲ್ಲ ಕಣೋ" ಎಂದರು ಹೊಸಿಯಾ. "ನೀನು ಒಂಬತ್ತನೇ ಕ್ಲಾಸಲ್ಲಿದ್ದಾಗ ಹುಲ್ಲು ಕತ್ತರಿಸೋ ಗಾಡಿ ಹತ್ತಿ ಮುರೀತು. ಹೊಸದಕ್ಕೆ ಶಾಲೆಯವರು ಕಾಸು ಬಿಚ್ಚಲಿಲ್ಲ. ಓದಿದ್ದರಲ್ಲಿ ಒಂದು ಅಡಿ ಕಳೆದು ಕೂಗ್ತಿದ್ದೆ. ಆ ದಿನ ನೀನು ಹಾರಿದ್ದಕ್ಕೆ ಜನ ನನ್ನನ್ನೂ ಹೆಗಲ ಮೇಲೆ ಹೊತ್ತರು. ಕಳೆಯೋದು ಮರೆತೆ. ಮಾರನೇ ದಿನ ನೆನಪಾಯ್ತು. ಅಷ್ಟರಲ್ಲಿ ಕಾಲೇಜಿನವರು ಫೋನ್ ಮಾಡಿಬಿಟ್ಟಿದ್ರು. ಬಾಯಿ ಮುಚ್ಚಿಕೊಂಡೆ."

ಲಿಯೋಟಿಸ್ ಕುಂಟೆಯ ಮೇಲಿಂದ ಕಾಲು ತೆಗೆದ.

"ಈ ಹುಡುಗ ನಿನಗಿಂತ ಒಂದು ಇಂಚು ಮುಂದೆ ಬಿದ್ದ. ಬೇರೆ ಟೇಪಲ್ಲಿ ಅಳೆದಿದ್ರೆ ಸೋತುಬಿಡ್ತಿದ್ದ, ಯಾರೂ ಹಾರದೇ ಇರೋ ಜಿಗಿತಕ್ಕೆ."

"ಹಾಗಾದ್ರೆ ಆ ದಿನ ನಾನು..."

"ಇಪ್ಪತ್ತೈದು ಅಡಿ ಒಂದು ಇಂಚು." ಹೊಸಿಯಾ ಮರಳಿನಿಂದ ತಲೆಯೆತ್ತಲಿಲ್ಲ. "ಕಾಲೇಜಿಗೆ ಹೋದ ಮೊದಲನೇ ವರ್ಷವೇ ಅದನ್ನ ದಾಟಿದ್ದೆ, ಲಿಯೋಟಿಸ್. ಬಿಟ್ಟು ಬರೋವರೆಗೂ ದಾಟುತ್ತಲೇ ಇದ್ದೆ."